ತಣ್ಣೀರಿಗೆ ಮಾತ್ರ ಪಂಪ್: ಸೋಲಾರ್ ಇರುವ ಮನೆಯೊಂದರ ಶವರ್ ಪ್ರಕರಣ

ಮೈಸೂರಿನ ಹೊರವಲಯದ ಬಡಾವಣೆಯೊಂದರಲ್ಲಿ 30×40ರ ನಿವೇಶನದಲ್ಲಿ ಕಟ್ಟಿದ ಎರಡು ಅಂತಸ್ತಿನ ಮನೆ. ಕೆಳಗೆ ಬಾಡಿಗೆದಾರರು, ಮೇಲೆ ಮನೆಯೊಡೆಯರ ಕುಟುಂಬ: ಗಂಡ, ಹೆಂಡತಿ, ಕಾಲೇಜಿಗೆ ಹೋಗುವ ಮಗ ಮತ್ತು ಎಪ್ಪತ್ತು ದಾಟಿದ ಅಜ್ಜಿ. ಗುರುತು ಸಿಗಬಾರದೆಂದು ಕುಟುಂಬದ ಕೆಲವು ವಿವರಗಳನ್ನು ಬದಲಾಯಿಸಿದ್ದೇನೆ. ನೀರು, ಕೊಳವೆ, ಒತ್ತಡಕ್ಕೆ ಸಂಬಂಧಿಸಿದ ಯಾವುದನ್ನೂ ಬದಲಾಯಿಸಿಲ್ಲ. ಕಟ್ಟಡಗಳ ನೀರಿನ ವ್ಯವಸ್ಥೆಯನ್ನು ಪರಿಶೀಲಿಸುವುದು ನನ್ನ ಕೆಲಸ. ಈ ಮನೆಯಲ್ಲಿ ಆದದ್ದು ನಮ್ಮ ಊರುಗಳ ಸಾವಿರಾರು ತಾರಸಿಗಳ ಮೇಲೆ ಆಗಬಹುದಾದದ್ದು. ಅದಕ್ಕಾಗಿಯೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ತಾರಸಿಯ ಮೇಲೆ ಏನೇನಿತ್ತು

ಸುಮಾರು ಆರು ಅಡಿ ಎತ್ತರದ ಕಾಂಕ್ರೀಟ್ ಪೀಠದ ಮೇಲೆ 1000 ಲೀಟರಿನ ಪ್ಲಾಸ್ಟಿಕ್ ಟ್ಯಾಂಕು. ಅದರ ಪಕ್ಕದಲ್ಲಿ, ತಗ್ಗಿನಲ್ಲಿ, ಗಾಜಿನ ಕೊಳವೆಗಳ 200 ಲೀಟರಿನ ಸೋಲಾರ್ ವಾಟರ್ ಹೀಟರ್. 2007ರಲ್ಲಿ ಸರ್ಕಾರ ಹೊರಡಿಸಿದ ಆದೇಶದ ನಂತರ ಕರ್ನಾಟಕದ ನಗರಗಳಲ್ಲಿ ಹೊಸ ಮನೆ ಕಟ್ಟಿದವರಲ್ಲಿ ಅನೇಕರು ಇಂಥದ್ದೊಂದನ್ನು ಹಾಕಿಸಿದ್ದಾರೆ. ಆದರೆ ಅದು ಹೇಗೆ ಕೆಲಸ ಮಾಡುತ್ತದೆ ಎಂದು ಮನೆಯವರಿಗೆ ಕೂತು ವಿವರಿಸಿದವರು ಕಡಿಮೆ. ಈ ಪ್ರಕರಣ ಅರ್ಥವಾಗಬೇಕಾದರೆ ಅದು ತಿಳಿದಿರಲೇಬೇಕು.

ಈ ಬಗೆಯ ಸೋಲಾರ್ ಟ್ಯಾಂಕಿಗೆ ತನ್ನದೆಂಬ ಒತ್ತಡವಿಲ್ಲ. ಮೇಲಿನ ಟ್ಯಾಂಕಿನ ತಣ್ಣೀರು ಅದರ ತಳಭಾಗಕ್ಕೆ ಬಂದು ಸೇರಿ, ಮೇಲ್ಭಾಗದಲ್ಲಿ ನಿಂತ ಬಿಸಿನೀರನ್ನು ಮನೆಯ ಕಡೆಗೆ ತಳ್ಳುತ್ತದೆ. ಸೋಲಾರ್ ಟ್ಯಾಂಕಿನಿಂದ ಮೇಲಕ್ಕೆ ಎದ್ದ ಗಾಳಿ ಕೊಳವೆಯೊಂದು ಆಕಾಶಕ್ಕೆ ಬಾಯಿ ತೆರೆದು ನಿಂತಿರುತ್ತದೆ. ಅದರ ತುದಿ ಓವರ್‌ಹೆಡ್ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮೇಲಿರಬೇಕು. ಅಂದರೆ ಸ್ನಾನದ ಮನೆಗೆ ಇಳಿಯುವ ಬಿಸಿನೀರು, ತಣ್ಣೀರು ಎರಡಕ್ಕೂ ಒತ್ತಡ ಕೊಡುವುದು ಒಂದೇ ಟ್ಯಾಂಕಿನ ಎತ್ತರ. ಹಾಗಾಗಿ ಎರಡೂ ಬದಿ ಸಮ. ಈ ಸಮತೋಲವನ್ನು ಯಾರೂ ಯೋಚಿಸಿ ತಂದದ್ದಲ್ಲ, ವ್ಯವಸ್ಥೆಯ ರಚನೆಯಿಂದಲೇ ಅದು ಬಂದದ್ದು. ಹಾಗಾಗಿ ಅದು ಇದೆ ಎಂಬುದು ಮನೆಯಲ್ಲಿ ಯಾರ ಗಮನಕ್ಕೂ ಬಂದಿರಲಿಲ್ಲ.

ಒತ್ತಡ ಎಷ್ಟಿತ್ತು? ಹತ್ತು ಮೀಟರ್ ಎತ್ತರದ ನೀರು ಸುಮಾರು ಒಂದು ಬಾರ್ ಒತ್ತಡ ಕೊಡುತ್ತದೆ. ಈ ಮನೆಯಲ್ಲಿ ಟ್ಯಾಂಕಿನ ತಳದಿಂದ ಮೇಲಿನ ಅಂತಸ್ತಿನ ಶವರ್ ಬಾಯಿಗೆ ಹೆಚ್ಚೆಂದರೆ ಮೂರು ಮೀಟರ್. ಟ್ಯಾಂಕು ತುಂಬಿದ್ದರೆ ಇನ್ನೊಂದು ಮೀಟರ್. 0.3ರಿಂದ 0.4 ಬಾರ್ ಅಷ್ಟೇ. ಬಕೆಟ್ಟು ತುಂಬಿಸಿಕೊಂಡು ಚೊಂಬಿನಲ್ಲಿ ಸುರಿದುಕೊಳ್ಳುವ ನಮ್ಮ ಸ್ನಾನಕ್ಕೆ ಇದು ಧಾರಾಳ ಸಾಕು. ಕೆಳಗಿನ ಅಂತಸ್ತಿಗೆ ಇನ್ನೂ ಮೂರು ಮೀಟರ್ ಎತ್ತರದ ಲಾಭ ಸಿಗುವುದರಿಂದ ಬಾಡಿಗೆದಾರರಿಗೆ ಎಂದೂ ತೊಂದರೆಯಾಗಿರಲಿಲ್ಲ. ಮಹಡಿಯ ಮೇಲಿರುವ ಮನೆಯೊಡೆಯರಿಗೇ ನೀರು ನಿಧಾನ ಬರುವುದು ನಮ್ಮಲ್ಲಿ ಸಾಮಾನ್ಯ ದೃಶ್ಯ.

ಹೊಸ ಶವರ್, ಆಮೇಲೆ ಪಂಪ್

ಮನೆಯೊಡೆಯರು ಕೈಕೆಲಸ ಬಲ್ಲವರು. ಬಿಸಿನೀರು, ತಣ್ಣೀರನ್ನು ಬೆರೆಸಿ ಕೊಡುವ ಹಳೆಯ ವಾಲ್ ಮಿಕ್ಸರನ್ನು ಬಿಚ್ಚಿ, ಹೊಸದನ್ನು ತಾವೇ ಕೂರಿಸಿದರು. ಗೋಡೆಯಿಂದ ಹೊರಬಂದ ಎರಡು ಕೊಳವೆಬಾಯಿಗಳ ನಡುವಿನ ಅಂತರ ಆರಿಂಚಿನ ಆಸುಪಾಸು ಇದ್ದರೆ, ಮಿಕ್ಸರಿನ ಜೊತೆ ಬರುವ ಓರೆ ಲೆಗ್‌ಗಳನ್ನು ತಿರುಗಿಸಿ ಸರಿಹೊಂದಿಸಬಹುದು. ಟೆಫ್ಲಾನ್ ಟೇಪನ್ನು ತಿರುಪಿನ ದಿಕ್ಕಿನಲ್ಲಿ ಬಿಗಿಯಾಗಿ ಸುತ್ತಿದ್ದರು, ಸ್ಪ್ಯಾನರ್ ಬಾಯಿಗೆ ಬಟ್ಟೆ ಸುತ್ತಿ ಕ್ರೋಮ್ ಹೊಳಪು ಕೆಡದಂತೆ ನೋಡಿಕೊಂಡಿದ್ದರು. ಮಿಕ್ಸರಿಗೆ ಎಂಟು ಇಂಚಿನ ತಟ್ಟೆಯಂಥ ಶವರ್, ಜೊತೆಗೆ ಗುಂಡಿ ಒತ್ತಿದರೆ ನೀರು ನಿಲ್ಲುವ ಹ್ಯಾಂಡ್ ಶವರ್. ಒಂದು ಹನಿಯೂ ಸೋರಲಿಲ್ಲ. ಬಹಳ ಅಚ್ಚುಕಟ್ಟಾದ ಕೆಲಸ; ನಾನೇ ನೋಡಿದ್ದೇನೆ.

ಆದರೆ ಶವರಿನಿಂದ ನೀರು ತೊಟ್ಟಿಕ್ಕಿತು. ಅಂಥ ಶವರಿಗೆ ಕನಿಷ್ಠ ಒಂದು ಬಾರ್ ಒತ್ತಡ ಬೇಕೆಂದು ಪೆಟ್ಟಿಗೆಯ ಮೇಲೆಯೇ ಮುದ್ರಿಸಿತ್ತು. ಸಾಕಷ್ಟು ಒತ್ತಡದಲ್ಲಿ ನೀರು ಬರುವ ಮನೆಗಳಿಗಾಗಿ ರೂಪಿಸಿದ ಸಾಮಾನನ್ನು ಗುರುತ್ವದ ಮೇಲೆ ನಡೆಯುವ ನಮ್ಮ ಮನೆಗಳಿಗೆ ಮಾರುವಾಗ ಅಂಗಡಿಯವರು ಒಂದು ಪ್ರಶ್ನೆ ಕೇಳಬೇಕು: "ನಿಮ್ಮ ಟ್ಯಾಂಕು ಶವರಿಗಿಂತ ಎಷ್ಟು ಮೇಲಿದೆ?" ಈ ಪ್ರಶ್ನೆ ಕೇಳುವ ಅಂಗಡಿ ನನಗೆ ಇನ್ನೂ ಸಿಕ್ಕಿಲ್ಲ.

ಪರಿಹಾರವೆಂದು ಅವರು ತಂದದ್ದು ಅರ್ಧ ಎಚ್‌ಪಿಯ ಪ್ರೆಶರ್ ಪಂಪ್. ನಲ್ಲಿ ತೆರೆದೊಡನೆ ತಾನೇ ಓಡುತ್ತದೆ, ಮುಚ್ಚಿದರೆ ನಿಲ್ಲುತ್ತದೆ. ಇಲ್ಲಿ ಅವರು ತೆಗೆದುಕೊಂಡ ನಿರ್ಧಾರ ಗಮನಿಸಬೇಕಾದದ್ದು. ಗಾಳಿ ಕೊಳವೆ ತೆರೆದಿರುವ ಸೋಲಾರ್ ಟ್ಯಾಂಕಿಗೆ ಪಂಪಿನ ಒತ್ತಡ ಕೊಡಬಾರದು, ಕೊಟ್ಟರೆ ನೀರು ಮೇಲಿಂದ ಚಿಮ್ಮುತ್ತದೆ, ಗಾಜಿನ ಕೊಳವೆಗಳ ರಬ್ಬರ್ ಉಂಗುರ ಸೋರುತ್ತದೆ, ಟ್ಯಾಂಕೇ ಸೀಳಬಹುದು ಎಂದು ಅವರಿಗೆ ಗೊತ್ತಿತ್ತು. ಆದ್ದರಿಂದ ಸೋಲಾರಿಗೆ ಹೋಗುವ ಕೊಳವೆಯನ್ನು ಮುಟ್ಟದೆ, ಸ್ನಾನದ ಮನೆಯ ತಣ್ಣೀರಿನ ಕೊಳವೆಗೆ ಮಾತ್ರ ಪಂಪ್ ಜೋಡಿಸಿದರು. ಸೋಲಾರನ್ನು ಕಾಪಾಡಲೆಂದು ಮಾಡಿದ ಆಯ್ಕೆ ಇದು. ಇಲ್ಲಿಂದಲೇ ತೊಂದರೆಯೂ ಶುರುವಾಯಿತು.

ಓಡುವ ಪಂಪ್, ತಣಿದ ಸೋಲಾರ್

ತಣ್ಣೀರು ಈಗ ಭರ್ಜರಿಯಾಗಿ ಸುರಿಯಿತು. ಬಿಸಿನೀರು ಮಾತ್ರ ಬೆರೆಯುತ್ತಿರಲಿಲ್ಲ. ಬಿಸಿಯ ನಾಬನ್ನು ಪೂರ್ತಿ ತೆರೆದು ತಣ್ಣೀರಿನದನ್ನು ಎಳೆಯಷ್ಟೇ ತೆರೆದರೆ ಮಾತ್ರ ಒಂದಿಷ್ಟು ಬೆಚ್ಚಗೆ ಬರುತ್ತಿತ್ತು. ಕೆಲವೇ ದಿನಗಳಲ್ಲಿ ಇನ್ನೆರಡು ಲಕ್ಷಣಗಳು ಕಾಣಿಸಿದವು. ರಾತ್ರಿ ಯಾರೂ ನೀರು ಬಳಸದಿರುವಾಗ ಪಂಪ್ ಆಗಾಗ ಗುರ್ ಎಂದು ಓಡಿ ನಿಲ್ಲುತ್ತಿತ್ತು; ಕೆಲವು ರಾತ್ರಿ ನಿಲ್ಲುತ್ತಲೇ ಇರಲಿಲ್ಲ. ಹಿಂದಿನ ದಿನ ಸುಡುಬಿಸಿಲು ಕಾದಿದ್ದರೂ ಬೆಳಿಗ್ಗೆ ಸೋಲಾರಿನಿಂದ ಉಗುರುಬೆಚ್ಚಗಿನ ನೀರು ಬರುತ್ತಿತ್ತು. ಪ್ರತಿದಿನವೂ ಹೀಗಾಗುತ್ತಿರಲಿಲ್ಲ ಎಂಬುದೇ ತಲೆಕೆಡಿಸುವ ಸಂಗತಿ.

ಮೊದಲು ಬಂದ ಪ್ಲಂಬರ್ ಪಂಪಿನ ಲಕ್ಷಣವನ್ನಷ್ಟೇ ಕೇಳಿದ. "ಗೋಡೆಯೊಳಗಿನ ಪೈಪ್ ಸೋರುತ್ತಿದೆ ಸಾರ್. ಟೈಲ್ಸ್ ಒಡೆಯಬೇಕು" ಎಂದ. ಪಂಪ್ ತಾನಾಗಿ ಓಡಿದರೆ ಎಲ್ಲೋ ನೀರು ಹೋಗುತ್ತಿದೆ ಎಂಬ ಅವನ ತರ್ಕ ಸರಿಯಾಗಿಯೇ ಇತ್ತು. ಸೋಲಾರಿನ ತಂತ್ರಜ್ಞ ಬಿಸಿನೀರಿನ ಲಕ್ಷಣವನ್ನಷ್ಟೇ ಕೇಳಿದ. ಗಾಜಿನ ಕೊಳವೆಗಳಲ್ಲಿ ಸುಣ್ಣ ಕಟ್ಟಿದೆ, ಕೆಲವು ನಿರ್ವಾತ ಕಳೆದುಕೊಂಡಿವೆ, ಬದಲಾಯಿಸಬೇಕು ಎಂದ. ಬೋರ್‌ವೆಲ್ ನೀರಿನ ಬಡಾವಣೆಯಾದ್ದರಿಂದ ಅದೂ ನಂಬಬಹುದಾದ ಮಾತೇ. ಇಬ್ಬರೂ ಮೋಸಗಾರರಲ್ಲ. ಒಬ್ಬ ತಣ್ಣೀರಿನ ಕಡೆಯಿಂದ, ಇನ್ನೊಬ್ಬ ಬಿಸಿನೀರಿನ ಕಡೆಯಿಂದ ಒಂದೇ ದೋಷದ ಅರ್ಧರ್ಧ ನೋಡಿದ್ದರು. ಎರಡು ಲಕ್ಷಣಗಳೂ ಒಂದೇ ವಾರ ಶುರುವಾದವು, ಅದೂ ಪಂಪ್ ಬಂದ ಮೇಲೆ ಎಂಬುದನ್ನು ಇಬ್ಬರಿಗೂ ಯಾರೂ ಹೇಳಿರಲಿಲ್ಲ.

ಟೈಲ್ಸ್ ಒಡೆಯುವ ದಿನ ನಿಗದಿಯಾಗಿತ್ತು. ಆಗ ಮನೆಯೊಡತಿ ಕೇಳಿದ ಪ್ರಶ್ನೆ ಇಡೀ ಪ್ರಕರಣವನ್ನು ತಿರುಗಿಸಿತು: "ರಾತ್ರಿಯೆಲ್ಲ ನೀರು ಸೋರುತ್ತಿದ್ದರೆ ಬೆಳಿಗ್ಗೆ ಟ್ಯಾಂಕು ಏಕೆ ಇಳಿದಿರುವುದಿಲ್ಲ?"

ಗಂಡ ಹೆಂಡತಿ ಇಬ್ಬರೂ ಸೇರಿ ಅದನ್ನು ಪರೀಕ್ಷಿಸಿದರು. ಸಂಪಿನ ಮೋಟಾರ್ ಆರಿಸಿ, ಕೆಳಗಿನ ಮನೆಗೆ ಹೋಗುವ ವಾಲ್ವನ್ನು ಬಾಡಿಗೆದಾರರಿಗೆ ಹೇಳಿ ಮುಚ್ಚಿ, ಮಲಗುವ ಮುನ್ನ ಟ್ಯಾಂಕಿಗೆ ಕೋಲು ಇಳಿಸಿ ನೀರಿನ ಮಟ್ಟ ಗುರುತು ಮಾಡಿದರು. ಆ ರಾತ್ರಿಯೂ ಪಂಪ್ ಓಡಿತು. ಬೆಳಿಗ್ಗೆ ಕೋಲಿನ ಮೇಲಿನ ಗುರುತಿಗೂ ನೀರಿಗೂ ವ್ಯತ್ಯಾಸವಿರಲಿಲ್ಲ. ಇಷ್ಟೊಂದು ನೀರನ್ನು ತಳ್ಳಿದ ಪಂಪ್ ಒಂದು ಲೋಟದಷ್ಟನ್ನೂ ಕಳೆದಿರಲಿಲ್ಲ. ಹಾಗಾದರೆ ನೀರು ಹೊರಗೆ ಹೋಗುತ್ತಿಲ್ಲ, ಸುತ್ತುತ್ತಿದೆ!

ಎಲ್ಲಿ ಸುತ್ತುತ್ತಿದೆ ಎಂಬುದಕ್ಕೆ ಅವರಿಗೆ ಯಾವ ಉಪಕರಣವೂ ಬೇಕಾಗಲಿಲ್ಲ. ಮುಂದಿನ ಸಲ ಪಂಪ್ ಓಡುವಾಗ ತಾರಸಿಗೆ ಹೋಗಿ ಕೊಳವೆಗಳನ್ನು ಒಂದೊಂದಾಗಿ ಮುಟ್ಟಿದರು. ಓವರ್‌ಹೆಡ್ ಟ್ಯಾಂಕಿನಿಂದ ಸೋಲಾರಿಗೆ ತಣ್ಣೀರು ಒಯ್ಯುವ ಕೊಳವೆ ಟ್ಯಾಂಕಿನ ಬುಡದವರೆಗೂ ಬೆಚ್ಚಗಿತ್ತು. ಅಲ್ಲಿ ಬೆಚ್ಚಗಿರಲು ಒಂದೇ ಕಾರಣ: ಸೋಲಾರಿನ ನೀರು ಹಿಮ್ಮುಖವಾಗಿ ಮೇಲಿನ ಟ್ಯಾಂಕಿಗೆ ಹೋಗುತ್ತಿತ್ತು. ಸೋಲಾರಿನ ಬಿಸಿನೀರಿನ ವಾಲ್ವ್ ಮುಚ್ಚಿದೊಡನೆ ಪಂಪ್ ನಿಂತಿತು. ತೆರೆದರೆ ಮತ್ತೆ ಶುರು. ಆಮೇಲೆ ಅದನ್ನು ತೆರೆದೇ ಇಟ್ಟು, ಸ್ನಾನದ ಮನೆಯ ಮಿಕ್ಸರಿನ ನಾಬ್‌ಗಳನ್ನು ಮುಚ್ಚಿದರು. ಪಂಪ್ ಆಗಲೂ ನಿಂತಿತು. ಗೋಡೆಗೆ ಯಾವ ಸಂಬಂಧವೂ ಇರಲಿಲ್ಲ.

ನಡೆದದ್ದು ಇದು. ಮಗ ರಾತ್ರಿ ಸ್ನಾನ ಮುಗಿಸಿ ಹ್ಯಾಂಡ್ ಶವರಿನ ಗುಂಡಿ ಒತ್ತಿ ನೀರು ನಿಲ್ಲಿಸುತ್ತಿದ್ದ. ಕಷ್ಟಪಟ್ಟು ಹದ ಮಾಡಿದ ನಾಬ್‌ಗಳನ್ನು ಹಾಗೆಯೇ ಬಿಡುತ್ತಿದ್ದ. ಎರಡು ನಾಬ್ ತೆರೆದು ಹೊರಬಾಯಿ ಮುಚ್ಚಿದರೆ ಮಿಕ್ಸರಿನ ಹೊಟ್ಟೆ ತಣ್ಣೀರು, ಬಿಸಿನೀರಿನ ಕೊಳವೆಗಳ ನಡುವಿನ ಸೇತುವೆಯಾಗುತ್ತದೆ. ಒಂದು ಬದಿ ಪಂಪಿನ ಒಂದೂವರೆ ಬಾರ್, ಇನ್ನೊಂದು ಬದಿ ಟ್ಯಾಂಕಿನ 0.3 ಬಾರ್. ತಣ್ಣೀರು ಮಿಕ್ಸರ್ ದಾಟಿ, ಬಿಸಿನೀರಿನ ಕೊಳವೆ ಹತ್ತಿ, ಸೋಲಾರ್ ಟ್ಯಾಂಕನ್ನು ಹೊಕ್ಕು, ಅಲ್ಲಿನ ಬಿಸಿಯನ್ನೆಲ್ಲ ಕಲಸಿ, ಸೋಲಾರಿಗೆ ತಣ್ಣೀರು ತರುವ ಕೊಳವೆಯಲ್ಲಿ ಹಿಮ್ಮುಖವಾಗಿ ಓವರ್‌ಹೆಡ್ ಟ್ಯಾಂಕಿಗೆ ಮರಳುತ್ತಿತ್ತು. ಗಾಳಿ ಕೊಳವೆಯ ಬಾಯಿ ಎತ್ತರದಲ್ಲಿದ್ದುದರಿಂದ ಅಲ್ಲಿಯೂ ಹನಿ ಚೆಲ್ಲಲಿಲ್ಲ. ಸೋಲಾರಿನ ತಣ್ಣೀರಿನ ಕೊಳವೆಯಲ್ಲಿ ಹಿಮ್ಮುಖ ಹರಿವು ತಡೆಯುವ ಎನ್‌ಆರ್‌ವಿ ಇರುವ ಮನೆಗಳಲ್ಲಿ ಇದೇ ದೋಷ ಬೇರೆ ರೂಪ ತಾಳುತ್ತದೆ: ಗಾಳಿ ಕೊಳವೆಯಿಂದ ನೀರು ಸುರಿದು ತಾರಸಿ ಒದ್ದೆಯಾಗುತ್ತದೆ, ಟ್ಯಾಂಕು ಬರಿದಾಗುತ್ತದೆ. ಕಾರಣ ಒಂದೇ.

ನಾಬ್ ಮುಚ್ಚಿ ಬಂದ ರಾತ್ರಿಗಳಲ್ಲಿ ಏನೂ ಆಗುತ್ತಿರಲಿಲ್ಲ. ದೋಷ ಬಂದು ಹೋಗುತ್ತಿದ್ದುದರ ಗುಟ್ಟು ಅಷ್ಟೇ.

ಎನ್‌ಆರ್‌ವಿ ಹಾಕಿದ ಮೇಲೆ ಹೆಚ್ಚಿದ ಅಪಾಯ

ಕಾರಣ ತಿಳಿದ ಮೇಲೆ ಮನೆಯೊಡೆಯರು ಮಾಡಿದ್ದು ಪುಸ್ತಕದಲ್ಲಿರುವ ಪರಿಹಾರವನ್ನೇ. ಸ್ನಾನದ ಮನೆಗೆ ಇಳಿಯುವ ಬಿಸಿನೀರಿನ ಕೊಳವೆಗೆ ಸ್ಪ್ರಿಂಗ್ ಇರುವ ಹಿತ್ತಾಳೆಯ ಎನ್‌ಆರ್‌ವಿ ಹಾಕಿದರು. ಬಾಣದ ಗುರುತು ಹರಿವಿನ ದಿಕ್ಕಿಗೇ ಇತ್ತು. ಪಂಪ್ ರಾತ್ರಿ ಓಡುವುದು ನಿಂತಿತು. ಸೋಲಾರ್ ಟ್ಯಾಂಕು ಮತ್ತೆ ಸುಡುಸುಡು. ಮನೆಯಲ್ಲಿ ಎಲ್ಲರೂ ಪ್ರಕರಣ ಮುಗಿಯಿತೆಂದುಕೊಂಡರು.

ಮುಗಿದಿರಲಿಲ್ಲ. ಎನ್‌ಆರ್‌ವಿ ನೀರು ಹಿಂದೆ ಹೋಗುವುದನ್ನು ತಡೆಯಿತೇ ಹೊರತು ಎರಡು ಬದಿಯ ಒತ್ತಡವನ್ನು ಸಮ ಮಾಡಲಿಲ್ಲ. ಮಿಕ್ಸರಿನೊಳಗೆ ತಣ್ಣೀರಿನ ಒತ್ತಡ ಹೆಚ್ಚಿರುವಷ್ಟು ಹೊತ್ತು ಬಿಸಿನೀರು ಒಳಗೆ ಬರಲಾರದು. ಆದ್ದರಿಂದ ಎಲ್ಲರೂ ಹಳೆಯ ಉಪಾಯವನ್ನೇ ಮುಂದುವರಿಸಿದರು: ಬಿಸಿ ಪೂರ್ತಿ, ತಣ್ಣೀರು ಎಳೆಯಷ್ಟು. ಒಂದು ಮಧ್ಯಾಹ್ನ ಅಜ್ಜಿ ಸ್ನಾನ ಮಾಡುತ್ತಿರುವಾಗ ಕರೆಂಟ್ ಹೋಯಿತು. ಪಂಪ್ ನಿಂತು ತಣ್ಣೀರಿನ ಒತ್ತಡ ಕುಸಿಯಿತು. ಎಳೆಯಷ್ಟು ತೆರೆದ ತಣ್ಣೀರು ಹೆಸರಿಗಷ್ಟೇ ಉಳಿಯಿತು, ಪೂರ್ತಿ ತೆರೆದಿದ್ದ ಬಿಸಿನೀರು ಒಮ್ಮೆಲೇ ಬಂತು. ಬಿಸಿಲಿನ ದಿನ ಸೋಲಾರ್ ಟ್ಯಾಂಕಿನ ನೀರು 60 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಆ ಬಿಸಿಯಲ್ಲಿ ಚರ್ಮ ಸುಡಲು ಕೆಲವೇ ಸೆಕೆಂಡು ಸಾಕು, ವಯಸ್ಸಾದವರ ತೆಳು ಚರ್ಮಕ್ಕೆ ಇನ್ನೂ ಕಡಿಮೆ. ಅಜ್ಜಿ ಸ್ಟೂಲಿನ ಮೇಲೆ ಕುಳಿತಿದ್ದರು, ಥಟ್ಟನೆ ಏಳಲಾರರು. ಹ್ಯಾಂಡ್ ಶವರನ್ನು ಕೈಬಿಟ್ಟದ್ದರಿಂದ ಭುಜ ಕೆಂಪಾದಷ್ಟಕ್ಕೆ ಉಳಿದರು.

ನನ್ನನ್ನು ಕರೆದದ್ದು ಇದಾದ ಮೇಲೆ. ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ್ದೂ ಇದೇ ಭಾಗ. ಮೊದಲಿನ ದೋಷ ಸೋಲಾರಿನ ನೀರನ್ನು ತಣಿಸುತ್ತಿದ್ದುದರಿಂದ ಅದರ ಹಿಂದಿನ ದೊಡ್ಡ ದೋಷ ಮರೆಯಲ್ಲಿತ್ತು. ಎನ್‌ಆರ್‌ವಿ ಚೆನ್ನಾಗಿ ಕೆಲಸ ಮಾಡಿದ್ದರಿಂದಲೇ ಅಪಾಯ ಹೆಚ್ಚಿತು. ನೀರಿನ ವ್ಯವಸ್ಥೆಯಲ್ಲಿ ಲಕ್ಷಣವೊಂದು ಮಾಯವಾದಾಗ, ಅದರ ಕಾರಣ ಮಾಯವಾಯಿತೇ, ಅಥವಾ ಹರಿಯುವ ದಾರಿಯಷ್ಟೇ ಮುಚ್ಚಿತೇ ಎಂದು ಕೇಳಿಕೊಳ್ಳಲೇಬೇಕು. ಇಲ್ಲಿ ಕಾರಣ ಒತ್ತಡದ ಅಸಮತೆ. ಅದು ಪಂಪ್ ಬಂದ ದಿನದಿಂದ ಹಾಗೆಯೇ ಇತ್ತು.

ಮುಂದಿದ್ದ ದಾರಿಗಳು

ಕುಟುಂಬದ ಜೊತೆ ಕುಳಿತು ಮೂರು ದಾರಿಗಳನ್ನು ತೂಗಿ ನೋಡಿದೆವು. ಬಿಸಿನೀರಿಗೂ ಇನ್ನೊಂದು ಪಂಪ್ ಹಾಕುವುದು ಮೊದಲನೆಯದು. ಅದು ಬಿಸಿ ತಾಳುವ ಪಂಪಾಗಿರಬೇಕು, ಗಾಳಿ ಕೊಳವೆ ಕಟ್ಟಿಕೊಳ್ಳದಂತೆ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಪಂಪ್ ಎಳೆಯುವ ರಭಸಕ್ಕೆ ಸೋಲಾರ್ ಟ್ಯಾಂಕಿನೊಳಗೆ ನಿರ್ವಾತ ಉಂಟಾಗಿ ಅದು ಒಳಕ್ಕೆ ಕುಗ್ಗಬಹುದು. ಎರಡು ಪಂಪ್‌ಗಳಲ್ಲಿ ಒಂದು ಕೆಟ್ಟರೂ ಅಜ್ಜಿಯ ಅಪಾಯ ಮರಳುತ್ತದೆ. ಎರಡನೆಯದು, ಒತ್ತಡ ತಾಳುವ ಬೇರೆ ಬಗೆಯ ಸೋಲಾರ್. ತಾಂತ್ರಿಕವಾಗಿ ಇದೇ ಅಚ್ಚುಕಟ್ಟು, ಆದರೆ ಇರುವ ಸೋಲಾರ್ ಚೆನ್ನಾಗಿರುವಾಗ ಅದನ್ನು ಕಿತ್ತೆಸೆಯಲು ಮನೆಯವರಿಗೆ ಮನಸ್ಸು ಬರಲಿಲ್ಲ. ಮೂರನೆಯದು ಪಂಪನ್ನೇ ತೆಗೆದು, ಗುರುತ್ವದಿಂದ ಬರುವ ನೀರು ದಾರಿಯಲ್ಲಿ ಎಲ್ಲಿ ಸೊರಗುತ್ತಿದೆ ಎಂದು ಹುಡುಕುವುದು.

ಮಗನಿಗೆ ಮೊದಲನೆಯದು ಇಷ್ಟ. ನಾನು ಮೂರನೆಯದರ ಪರ ವಾದಿಸಿದೆ. 0.3 ಬಾರ್ ಕಡಿಮೆ ನಿಜ, ಆದರೆ ಅಷ್ಟೂ ಶವರಿಗೆ ತಲುಪುತ್ತಿದೆಯೇ ಎಂದು ಪಂಪ್ ತರುವ ಮುಂಚೆ ಯಾರೂ ನೋಡಿರಲಿಲ್ಲ. ಬಕೆಟ್ಟಿನ ಪರೀಕ್ಷೆ ಮಾಡಿದೆವು. ಪಂಪ್ ಆರಿಸಿ, ಹ್ಯಾಂಡ್ ಶವರನ್ನು ಅದರ ಎತ್ತರದಲ್ಲೇ ಹಿಡಿದು 15 ಲೀಟರಿನ ಬಕೆಟ್ ತುಂಬಿಸಿದರೆ ಮೂರು ನಿಮಿಷಕ್ಕೂ ಹೆಚ್ಚು. ಕೆಳಗಿನ ಮನೆಯಲ್ಲಿ ನಲ್ಲಿ ತೆರೆಸಿ ಮತ್ತೆ ನೋಡಿದರೆ ಹರಿವು ಅರ್ಧಕ್ಕಿಳಿಯಿತು. ಅಲ್ಲೇ ಉತ್ತರ ಸಿಕ್ಕಿತು: ಟ್ಯಾಂಕಿನಿಂದ ಹೊರಟ ಒಂದೇ ಮುಕ್ಕಾಲು ಇಂಚಿನ ಕೊಳವೆಗೆ ಕೆಳಮನೆ, ಮೇಲ್ಮನೆ ಎರಡೂ ಜೋತುಬಿದ್ದಿದ್ದವು. ಜೊತೆಗೆ ಟ್ಯಾಂಕಿನ ಬುಡದ ಹಳೆಯ ಗೇಟ್ ವಾಲ್ವ್ ಸುಣ್ಣ ಕಟ್ಟಿ ಅರ್ಧಕ್ಕೇ ಸಿಕ್ಕಿಕೊಂಡಿತ್ತು. ಹಿಡಿಕೆ ತಿರುಗುತ್ತಿತ್ತು, ಒಳಗಿನ ಬಾಗಿಲು ಏಳುತ್ತಿರಲಿಲ್ಲ.

ಉಳಿದ ಕೆಲಸವನ್ನು ಮನೆಯೊಡೆಯರೇ ಮಾಡಿದರು. ಟ್ಯಾಂಕಿಗೆ ಹೊಸ ರಂಧ್ರ ಕೊರೆದು ಮೇಲಿನ ಮನೆಗೆ ಪ್ರತ್ಯೇಕವಾಗಿ ಒಂದು ಇಂಚಿನ ಸಿಪಿವಿಸಿ (ಬಿಸಿನೀರನ್ನೂ ತಾಳುವ ಪ್ಲಾಸ್ಟಿಕ್) ಕೊಳವೆ ಎಳೆದರು, ಸೋಲಾರಿಗೆ ಇನ್ನೊಂದು. ಅದೇ ಹರಿವಿಗೆ ಮುಕ್ಕಾಲು ಇಂಚಿಗಿಂತ ಒಂದು ಇಂಚಿನ ಕೊಳವೆಯಲ್ಲಿ ಘರ್ಷಣೆಯ ನಷ್ಟ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಒತ್ತಡ ಕಡಿಮೆ ಇರುವ ಮನೆಯಲ್ಲಿ ಈ ಉಳಿತಾಯ ಬಹಳ ದೊಡ್ಡದು. ಗೇಟ್ ವಾಲ್ವ್ ಬದಲು ಪೂರ್ತಿ ಬಾಯಿ ತೆರೆಯುವ ಬಾಲ್ ವಾಲ್ವ್ ಬಂತು. ಬೇಡದ ಎಲ್ಬೋಗಳು ಹೋದವು. ಎನ್‌ಆರ್‌ವಿಯನ್ನೂ ತೆಗೆಸಿದೆ, ಎರಡೂ ಬದಿ ಸಮವಾದ ಮೇಲೆ ಅದಕ್ಕೆ ಕೆಲಸವಿಲ್ಲ, ಮೇಲಾಗಿ ಅದರ ಸ್ಪ್ರಿಂಗನ್ನು ತಳ್ಳುವುದಕ್ಕೇ ಒಂದಿಷ್ಟು ಒತ್ತಡ ವ್ಯರ್ಥ. ಹ್ಯಾಂಡ್ ಶವರಿನ ಬುಡದಲ್ಲಿದ್ದ ಹರಿವು ತಗ್ಗಿಸುವ ಪುಟ್ಟ ಬಿಲ್ಲೆಯನ್ನು ತೆಗೆದು, ಜಾಲರಿಯನ್ನು ನಿಂಬೆ ಉಪ್ಪಿನ ನೀರಿನಲ್ಲಿ ನೆನೆಸಿ ಸುಣ್ಣ ಬಿಡಿಸಿದರು. ಎಂಟು ಇಂಚಿನ ತಟ್ಟೆಯ ಜಾಗಕ್ಕೆ ನಾಲ್ಕು ಇಂಚಿನದು ಬಂತು. ರಂಧ್ರ ಕಡಿಮೆಯಾದಷ್ಟೂ ಇದ್ದ ನೀರು ಜೋರಾಗಿ ಬರುತ್ತದೆ.

ಸಿಪಿವಿಸಿ ಜೋಡಿಸುವವರಿಗೆ ಎರಡು ಮಾತು. ಕೊಳವೆಯನ್ನು ನೇರ ಕತ್ತರಿಸಿ, ಅಂಚಿನಲ್ಲಿ ಉಳಿದ ಚೂರುಗಳನ್ನು ಕೆರೆದು, ಅಂಟು ಹಚ್ಚದೆ ಒಮ್ಮೆ ಪೂರ್ತಿ ಜೋಡಿಸಿ ನೋಡಿ. ಅಂಟು ಹಚ್ಚಿದ ಮೇಲೆ ಕಾಲು ಸುತ್ತು ತಿರುಗಿಸಿ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಡಬ್ಬಿಯ ಮೇಲೆ ಬರೆದಷ್ಟು ಸಮಯ ಕಳೆಯುವವರೆಗೆ ನೀರು ಬಿಡಬೇಡಿ. ತಾರಸಿಯ ಬಿಸಿಲಿಗೆ ಬೀಳುವ ಕೊಳವೆಗೆ ನೀರಿನಲ್ಲಿ ಕಲಸುವ ಬಗೆಯ ಪೇಂಟ್ ಬಳಿಯುವುದು ಮತ್ತು ಬಿಸಿನೀರಿನದಕ್ಕೆ ಫೋಮ್ ಕವಚ ತೊಡಿಸುವುದು ಒಂದು ಮಧ್ಯಾಹ್ನದ ಕೆಲಸ, ವರ್ಷಗಟ್ಟಲೆ ಬಾಳಿಕೆ.

ಅದೇ ಬಕೆಟ್ ಈಗ ಎರಡು ನಿಮಿಷದೊಳಗೆ ತುಂಬುತ್ತದೆ, ಕೆಳಗೆ ನಲ್ಲಿ ತೆರೆದರೂ ಹೆಚ್ಚು ವ್ಯತ್ಯಾಸವಿಲ್ಲ. ಜಾಹೀರಾತಿನ ಮಳೆಯಂತೆ ಸುರಿಯುವುದಿಲ್ಲ, ಮಗನಿಗೆ ಆ ಕೊರಗು ಇದೆ. ಆದರೆ ಬಿಸಿ, ತಣ್ಣೀರು ನಾಬ್ ತಿರುಗಿಸಿದಷ್ಟಕ್ಕೆ ಸರಿಯಾಗಿ ಬೆರೆಯುತ್ತವೆ, ಕರೆಂಟ್ ಹೋದರೆ ಏನೂ ಆಗುವುದಿಲ್ಲ. ಗುಂಡಿ ಇರುವ ಹ್ಯಾಂಡ್ ಶವರನ್ನು ಮನೆಯೊಡತಿ ತೆಗೆಸಿ, ಗುಂಡಿ ಇಲ್ಲದ್ದನ್ನು ಹಾಕಿಸಿದರು. ನೀರು ನಿಲ್ಲಿಸಬೇಕೆಂದರೆ ನಾಬ್ ಮುಚ್ಚಲೇಬೇಕು. ಒತ್ತಡ ಸಮವಾದ ಮೇಲೆ ಇದು ಅನಿವಾರ್ಯವೇನಲ್ಲ, ಆದರೂ ನನಗೆ ಆ ನಿರ್ಧಾರ ತುಂಬ ಹಿಡಿಸಿತು.

ಪಂಪ್ ಅಟ್ಟದ ಮೇಲಿದೆ. ಈಗಿನ ಸೋಲಾರಿನ ಆಯುಷ್ಯ ಮುಗಿದಾಗ ಒತ್ತಡ ತಾಳುವ ಟ್ಯಾಂಕು ತರುವುದು, ಪಂಪನ್ನು ಆಗ ಮೇಲಿನ ಮನೆಯ ಕೊಳವೆ ಬಿಸಿ–ತಣ್ಣೀರಿಗೆ ಕವಲೊಡೆಯುವ ಮುಂಚೆಯೇ ಕೂರಿಸುವುದು ಎಂದು ತೀರ್ಮಾನವಾಗಿದೆ. ಹಾಗೆ ಮಾಡಿದರೆ ಪಂಪ್ ಓಡಲಿ ನಿಲ್ಲಲಿ, ಒತ್ತಡ ಎರಡೂ ಬದಿ ಒಟ್ಟಿಗೇ ಏರುತ್ತದೆ, ಒಟ್ಟಿಗೇ ಇಳಿಯುತ್ತದೆ. ಅಂಥ ಟ್ಯಾಂಕಿಗೆ ಗಾಳಿ ಕೊಳವೆಯ ಬದಲು ಸುರಕ್ಷತಾ ವಾಲ್ವ್ ಇರುತ್ತದೆ. ಅದು ಎಷ್ಟು ಬಾರ್‌ಗೆ ತೆರೆಯುತ್ತದೆ, ಪಂಪ್ ಎಷ್ಟು ಬಾರ್‌ಗೆ ನಿಲ್ಲುತ್ತದೆ ಎಂಬ ಎರಡು ಅಂಕಿಗಳನ್ನು ಕೊಳ್ಳುವ ಮುಂಚೆಯೇ ಅಕ್ಕಪಕ್ಕ ಬರೆದು ನೋಡಬೇಕೆಂದು ಮನೆಯೊಡೆಯರಿಗೆ ಹೇಳಿದ್ದೇನೆ.